ಜಗನ್ಮೋಹನ ಅರಮನೆಯಿಂದ ನನ್ನ ಮನೆಯ ಕುರ್ಚಿಯವರೆಗೆ

ನಮ್ಮ ಮನೆಯ ತಲೆಬಾಗಿಲ ಹೊಸ್ತಿಲು ಎರಡೂವರೆ ಅಂಗುಲ ಎತ್ತರ ಇದೆ. ಮೂವತ್ತು ವರ್ಷ ದಿನಕ್ಕೆ ಹತ್ತು ಸಲ ಅದನ್ನು ದಾಟಿದವನಿಗೆ ಈ ಲೆಕ್ಕ ಗೊತ್ತಿರಲಿಲ್ಲ. ಅರವತ್ತೊಂದನೆಯ ವಯಸ್ಸಿನಲ್ಲಿ ಲಕ್ವ ಹೊಡೆದು, ಬಲಗಾಲಿನ ಬೆರಳು ಆ ಹೊಸ್ತಿಲಿಗೆ ಸಿಕ್ಕಿ ಮುಗ್ಗರಿಸಿದ ದಿನ ಮೊಮ್ಮಗಳ ಸ್ಕೇಲು ತರಿಸಿ ಅಳೆಸಿದೆ. ಮೇಷ್ಟ್ರ ಬುದ್ಧಿ. ಮೈಸೂರಿನ ಹೈಸ್ಕೂಲೊಂದರಲ್ಲಿ ಇತಿಹಾಸ ಪಾಠ ಹೇಳಿದವನು ನಾನು. ಬಿದ್ದರೂ ಇಸವಿ, ಅಳತೆ ಕೇಳದೆ ಏಳುವ ಜಾತಿಯಲ್ಲ.

ಅದು ಆದದ್ದು ಒಂದು ಮಂಗಳವಾರ ಬೆಳಗ್ಗೆ. ಕಾಫಿ ಲೋಟ ಬಲಗೈಯಿಂದ ತಾನಾಗಿಯೇ ಜಾರಿತು. ಇನ್ನೊಂದು ಲೋಟ ಕೊಡು ಎನ್ನಲು ಹೋದರೆ ಕಾಫಿ ಎಂಬ ಮಾತು ಬರಲಿಲ್ಲ, ‘ಕೀಲಿ’ ಎಂದು ಬಂತು. ಹೆಂಡತಿ ಬೀರುವಿನ ಕೀಲಿ ತಂದು ಕೈಗಿಟ್ಟಳು. ನಕ್ಕೆ. ನಗು ಮುಖದ ಎಡಗಡೆಗಷ್ಟೇ ಹೋಯಿತು. ಸ್ವಲ್ಪ ಮಲಗಿದರೆ ಸರಿಹೋಗುತ್ತದೆ ಎಂದು ನಾನೇ ಕೈಸನ್ನೆ ಮಾಡಿ ಹಾಸಿಗೆ ಸೇರಿದೆ. ಅಷ್ಟರಲ್ಲಿ ಬೀದಿಯ ವೈದ್ಯಶಾಸ್ತ್ರ ಮನೆಯೊಳಗೆ ಬಂತು. ಒಬ್ಬರು ಎಣ್ಣೆ ತಿಕ್ಕಿ ಎಂದರು. ಇನ್ನೊಬ್ಬರು ಪಾರಿವಾಳದ ಬಿಸಿರಕ್ತ ಹಚ್ಚಿದರೆ ಲಕ್ವ ಇಳಿಯುತ್ತದೆ ಎಂದರು. ಪಾರಿವಾಳ ಬದುಕಿಕೊಂಡಿತು. ನಾನು ಆಸ್ಪತ್ರೆ ಸೇರುವ ಹೊತ್ತಿಗೆ ದೀಪ ಹಚ್ಚುವ ಸಮಯ. ಮೆದುಳಿನ ರಕ್ತನಾಳದಲ್ಲಿ ಸಿಕ್ಕಿಕೊಂಡ ಹೆಪ್ಪನ್ನು ಕರಗಿಸುವ ಇಂಜೆಕ್ಷನ್ನಿಗೆ ನಾಲ್ಕೂವರೆ ಗಂಟೆಯ ಗಡುವು ಎಂದು ಡಾಕ್ಟರು ಹೇಳಿದರು. 1996ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಆ ಔಷಧಿ ಏಳು ಸಮುದ್ರ ದಾಟಿ ನಮ್ಮೂರಿನವರೆಗೂ ಬಂದಿತ್ತು. ಊರಲ್ಲೇ ಇದ್ದ ನಾನು ಅದರ ಹತ್ತಿರ ಹೊತ್ತಿಗೆ ಹೋಗಲಿಲ್ಲ. ತಪ್ಪು ಬೇರೆ ಯಾರದ್ದೂ ಅಲ್ಲ.

ಪೆಟ್ಟು ಎಡ ಮೆದುಳಿಗೆ. ಆದ್ದರಿಂದ ಹೋದದ್ದು ಬಲ ಮೈ, ಜೊತೆಗೆ ಮಾತು. ಮೂರು ತಿಂಗಳು ಫಿಸಿಯೋಥೆರಪಿ ಆಯಿತು. ಕೋಲು ಹಿಡಿದು ನಿಲ್ಲುವಂತಾದೆ. ಆಮೇಲೆ ಡಾಕ್ಟರ ಒಪ್ಪಿಗೆ ಪಡೆದು, ವಾರಕ್ಕೆ ಎರಡು ದಿನ ಯೋಗದ ಮೇಡಂ ಒಬ್ಬರು ಮನೆಗೆ ಬರತೊಡಗಿದರು. ಕಂಕುಳಲ್ಲಿ ಚಾಪೆ ಸುತ್ತಿಕೊಂಡು ಬರುತ್ತಾರೆ ಎಂದುಕೊಂಡಿದ್ದೆ. ಬರಿಗೈಯಲ್ಲಿ ಬಂದವರು ಕೇಳಿದ್ದು ಒಂದೇ: “ಕೈಯಿಲ್ಲದ ಕುರ್ಚಿ ಇದೆಯಾ ಸರ್?” ಒಂದು ಕೈ ಕಳೆದುಕೊಂಡವನಿಗೆ ಎರಡೂ ಕೈಯಿಲ್ಲದ ಕುರ್ಚಿ! ಅಡಿಗೆಮನೆಯಲ್ಲಿ ಡಬ್ಬಿ ಇಳಿಸಲು ಹತ್ತುತ್ತಿದ್ದ ಹಳೆಯ ಮರದ ಕುರ್ಚಿ ನಡುಮನೆಗೆ ಬಂತು. ಅದರ ಮೇಲೆ ಕೂತು, ಎರಡೂ ಪಾದ ನೆಲಕ್ಕೆ ಊರಿ, ಬೆನ್ನು ನೆಟ್ಟಗೆ ಮಾಡಿದರೆ ಅದೇ ತಾಡಾಸನ ಎಂದರು. ನಿಂತು ಮಾಡುವುದನ್ನು ಕೂತು ಮಾಡಿದರೂ ಅದೇ ಹೆಸರೇ? ಆಸನವನ್ನು ಹೀಗೆ ಕುರ್ಚಿಯ ಮೇಲೆ ಕೂರಿಸಿದವರು ಯಾರು, ಯಾವಾಗ? ಅರ್ಧ ಮೈ ಸತ್ತಿದ್ದರೂ ಈ ಪ್ರಶ್ನೆ ಜೀವಂತವಾಗಿತ್ತು. ಮುಂದಿನ ಎರಡು ವರ್ಷ ಅದರ ಬೆನ್ನು ಹಿಡಿದು ಓದಿದ್ದನ್ನು, ಎಡಗೈ ಬೆರಳಲ್ಲಿ ಒಂದೊಂದೇ ಅಕ್ಷರ ಒತ್ತಿ, ಇಲ್ಲಿ ಬರೆದಿದ್ದೇನೆ.

ಮೊದಲು ನನ್ನದೇ ಒಂದು ಭ್ರಮೆ ಕಳಚಿತು. ಲಕ್ವಕ್ಕೆ ಯೋಗ ನಮ್ಮ ಋಷಿಗಳ ಕಾಲದ ಮದ್ದು ಎಂದು ನಾನೂ ತರಗತಿಯಲ್ಲಿ ಹೇಳಿದ್ದುಂಟು. ಹಳೆಯ ಪುಸ್ತಕಗಳು ಹಾಗೆ ಹೇಳುವುದಿಲ್ಲ. ಚರಕಸಂಹಿತೆಯ ಚಿಕಿತ್ಸಾಸ್ಥಾನದಲ್ಲಿ 28ನೆಯ ಅಧ್ಯಾಯ ವಾತವ್ಯಾಧಿಗಳಿಗೆ ಮೀಸಲು. ಮೈಯ ಒಂದು ಪಕ್ಕ ಬಿದ್ದುಹೋಗುವುದೂ ಮುಖ ಸೊಟ್ಟಗಾಗುವುದೂ ಅಲ್ಲಿ ಬರುತ್ತವೆ. ನಾವು ಪಾರ್ಶ್ವವಾಯು ಎನ್ನುವಾಗ ಆ ‘ವಾಯು’ ಬಂದಿರುವುದು ಈ ಲೆಕ್ಕದಿಂದಲೇ. ಆದರೆ ಅಲ್ಲಿನ ಚಿಕಿತ್ಸೆ ಎಣ್ಣೆ, ಬೆವರಿಸುವ ಶಾಖ, ವಿರೇಚನ. ಆಸನದ ಸುದ್ದಿ ಇಲ್ಲ. ಇತ್ತ ಹದಿನೈದನೆಯ ಶತಮಾನದ ಹಠಯೋಗಪ್ರದೀಪಿಕೆಯಲ್ಲಿ ಹದಿನೈದು ಆಸನಗಳ ವಿವರ ಇದೆ. ಯಾವ ಆಸನ ಯಾವ ಕಾಯಿಲೆ ಕಳೆಯುತ್ತದೆ ಎಂಬ ಮಾತೂ ನಡುನಡುವೆ ಬರುತ್ತದೆ. ಆದರೆ ಅದನ್ನು ಬರೆದ ಸ್ವಾತ್ಮಾರಾಮನ ಎದುರಿಗಿದ್ದವನು ಗಟ್ಟಿಮುಟ್ಟಾದ ಸಾಧಕ, ಕೋಲು ಹಿಡಿದ ಪಿಂಚಣಿದಾರನಲ್ಲ. ಉಸಿರನ್ನು ತಪ್ಪಾಗಿ ಪಳಗಿಸಲು ಹೋದರೆ ಬಿಕ್ಕಳಿಕೆ, ದಮ್ಮು, ತಲೆನೋವು ಬರುತ್ತವೆ ಎಂದು ಆತನೇ ಎಚ್ಚರಿಸುತ್ತಾನೆ. ವೈದ್ಯನ ಮನೆ ಒಂದು ಬೀದಿಯಲ್ಲಿತ್ತು, ಯೋಗಿಯ ಮಠ ಇನ್ನೊಂದು ಬೀದಿಯಲ್ಲಿತ್ತು. ರೋಗಿ ಹೋಗುತ್ತಿದ್ದದ್ದು ಮೊದಲನೆಯದಕ್ಕೆ.

ಎರಡು ಬೀದಿಗಳು ಕೂಡಿದ್ದು ಇಪ್ಪತ್ತನೆಯ ಶತಮಾನದಲ್ಲಿ. ಮುಂಬಯಿ ಕಡಲ ದಂಡೆಯ ವರ್ಸೋವಾದಲ್ಲಿ 1918ರಲ್ಲಿ ಯೋಗೇಂದ್ರರು ಯೋಗ ಇನ್‌ಸ್ಟಿಟ್ಯೂಟ್ ತೆರೆದರು. 1924ರಲ್ಲಿ ಸ್ವಾಮಿ ಕುವಲಯಾನಂದರು ಲೋಣಾವಳದಲ್ಲಿ ಕೈವಲ್ಯಧಾಮ ಸ್ಥಾಪಿಸಿ, ಯೋಗದ ಕ್ರಿಯೆಗಳನ್ನು ಎಕ್ಸ್-ರೇ ಮುಂದೆ ನಿಲ್ಲಿಸಿ, ‘ಯೋಗ ಮೀಮಾಂಸಾ’ ಪತ್ರಿಕೆಯಲ್ಲಿ ಫಲಿತಾಂಶ ಅಚ್ಚು ಹಾಕಿದರು. ಗವಿಯಿಂದ ಯೋಗವನ್ನು ಹೊರಗೆ ಕರೆದು ನಾಡಿ ಹಿಡಿದು ನೋಡಿದ ಕಾಲ ಅದು. ಮೂರನೆಯ ಬೀದಿ ನಮ್ಮೂರಿನದು. ಅಗ್ರಹಾರದ ನಮ್ಮ ಮನೆಯಿಂದ ಜಗನ್ಮೋಹನ ಅರಮನೆಗೆ ಮೊದಲು ಕಾಲುಗಂಟೆಯ ನಡಿಗೆ. ಈಗ ಮುಕ್ಕಾಲು ಗಂಟೆ.

ಜಗನ್ಮೋಹನ ಅರಮನೆಯನ್ನು ಕಟ್ಟಿಸಿದ್ದು ಮುಮ್ಮಡಿ ಕೃಷ್ಣರಾಜ ಒಡೆಯರು, 1861ರಲ್ಲಿ. ಪ್ರವಾಸಿಗರು ಬರುವುದು ಅಲ್ಲಿನ ಚಿತ್ರಶಾಲೆಗೆ. ಮಕ್ಕಳನ್ನು ಸಾಲಾಗಿ ಕರೆದೊಯ್ದು ರವಿವರ್ಮನ ಚಿತ್ರ ತೋರಿಸಿ ಬರುತ್ತಿದ್ದ ನನಗೆ ಈ ಆವರಣದ ಇನ್ನೊಂದು ಕಥೆ ತಿಳಿದದ್ದು ಕಾಯಿಲೆ ಬಿದ್ದ ಮೇಲೆ. ಅದೇ ಮುಮ್ಮಡಿಯವರು ಬರೆಯಿಸಿದ ‘ಶ್ರೀತತ್ತ್ವನಿಧಿ’ ಎಂಬ ಒಂಬತ್ತು ನಿಧಿಗಳ ಚಿತ್ರಮಯ ಗ್ರಂಥದಲ್ಲಿ 122 ಆಸನಗಳ ಬಣ್ಣದ ಚಿತ್ರಗಳಿವೆ. ಹಗ್ಗ ಹಿಡಿದು ಮಾಡುವ ಆಸನಗಳೂ ಅದರಲ್ಲಿವೆ. ಅಂದರೆ ಅರಮನೆಗೆ ಯೋಗ ಹೊಸ ನೆಂಟನಲ್ಲ. 1996ರಲ್ಲಿ ನಾರ್ಮನ್ ಸ್ಯೋಮನ್ ಎಂಬ ವಿದ್ವಾಂಸರು ಈ ಭಾಗವನ್ನು ಪುಸ್ತಕವಾಗಿ ಹೊರತಂದ ಮೇಲೆಯೇ ಹೊರಜಗತ್ತು ಇತ್ತ ತಿರುಗಿ ನೋಡಿದ್ದು.

ಮಹಾರಾಜ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಆ ಚಿತ್ರಗಳಿಗೆ ಜೀವ ಬಂತು. ಚಿತ್ರದುರ್ಗ ಸೀಮೆಯ ಮುಚುಕುಂದಪುರದಲ್ಲಿ 1888ರಲ್ಲಿ ಹುಟ್ಟಿದ ತಿರುಮಲೈ ಕೃಷ್ಣಮಾಚಾರ್ಯರು ಶಾಸ್ತ್ರ ಓದಿ, ಆಯುರ್ವೇದ ಕಲಿತು, ಹೊಟ್ಟೆಪಾಡಿಗಾಗಿ ಹಾಸನದ ಕಡೆ ಕಾಫಿ ತೋಟದಲ್ಲಿ ಮೇಸ್ತ್ರಿಕೆಯನ್ನೂ ಮಾಡಿದವರು. ಅವರನ್ನು ಮಹಾರಾಜರು ಕರೆಸಿಕೊಂಡರು. ಮೊದಲು ಸಂಸ್ಕೃತ ಪಾಠಶಾಲೆಯಲ್ಲಿ ಪಾಠ. 1933ರಲ್ಲಿ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆ. ಮರುವರ್ಷ, 1934ರಲ್ಲಿ, ‘ಯೋಗ ಮಕರಂದ’ ಅಚ್ಚಾಯಿತು, 1941ರಲ್ಲಿ ‘ಯೋಗಾಸನಗಳು’. ಎರಡೂ ಕನ್ನಡದಲ್ಲಿ. ಜಗತ್ತಿನ ಊರೂರಿನ ಯೋಗ ಸ್ಟುಡಿಯೋಗಳಲ್ಲಿ ಇವತ್ತು ನಡೆಯುವ, ಉಸಿರಿಗೆ ಚಲನೆ ಜೋಡಿಸುವ ವಿನ್ಯಾಸದ ಕ್ರಮ ಮೊದಲು ಅಚ್ಚಿನ ಮೊಳೆ ಕಂಡದ್ದು ನಮ್ಮ ಲಿಪಿಯಲ್ಲಿ ಎಂದು ಮೊದಲೇ ಗೊತ್ತಿದ್ದರೆ ಹತ್ತನೇ ತರಗತಿಯ ಎಷ್ಟು ಹುಡುಗರ ಮುಂದೆ ಹೆಮ್ಮೆಪಡುತ್ತಿದ್ದೆನೋ!

ಆದರೆ ಆ ಯೋಗಶಾಲೆಯಲ್ಲಿ ನನ್ನಂಥವನಿಗೆ ಜಾಗ ಇರಲಿಲ್ಲ ಎಂಬುದನ್ನೂ ಹೇಳಬೇಕು. ಅಲ್ಲಿ ಕಲಿಯುತ್ತಿದ್ದವರು ಬಹುಪಾಲು ಅರಸು ಮನೆತನಗಳ ಹುಡುಗರು. ಉಸಿರಿಗೊಂದು ಚಲನೆ, ಚಲನೆಗೊಂದು ಸಂಖ್ಯೆ, ಆಸನದಿಂದ ಆಸನಕ್ಕೆ ಜಿಗಿತ. ಯೋಗಕ್ಕೆ ಜನ ಸೇರಿಸಲೆಂದು ಆಚಾರ್ಯರು ಊರೂರಿಗೆ ಹೋಗಿ ಪ್ರದರ್ಶನ ಕೊಡುತ್ತಿದ್ದರು: ನಾಡಿ ನಿಲ್ಲಿಸಿ ತೋರಿಸುವುದು, ಬರಿಗೈಯಲ್ಲಿ ಕಾರು ತಡೆಯುವುದು, ಹಲ್ಲಿನಲ್ಲಿ ಭಾರ ಎತ್ತುವುದು. ಬೆಂಗಳೂರಿನಲ್ಲಿ ಅದೇ ಕಾಲಕ್ಕೆ ಕೆ.ವಿ. ಅಯ್ಯರ್ — ನಾವು ‘ಶಾಂತಲಾ’ ಕಾದಂಬರಿಯಿಂದ ಬಲ್ಲ ಅದೇ ಅಯ್ಯರ್ — ತಮ್ಮ ವ್ಯಾಯಾಮಶಾಲೆಯಲ್ಲಿ ಕಬ್ಬಿಣದ ಗುಂಡಿನ ಜೊತೆಗೆ ಆಸನಗಳನ್ನೂ ಕಲಿಸುತ್ತಿದ್ದರು. ದೇಶ ಕಟ್ಟಲು ಮೈ ಕಟ್ಟಬೇಕು ಎಂದಿದ್ದ ಕಾಲ. ಮೈ ಕೈಕೊಟ್ಟವನ ಸರದಿ ಇನ್ನೂ ಬಂದಿರಲಿಲ್ಲ.

ಬರುವ ಸೂಚನೆ ಮಾತ್ರ ಅಲ್ಲೇ ಇತ್ತು, ಒಬ್ಬ ಬಡಕಲು ಹುಡುಗನ ರೂಪದಲ್ಲಿ. ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ 1918ರಲ್ಲಿ, ಇನ್‌ಫ್ಲುಯೆಂಜಾ ಮಾರಿಯ ನಡುವೆ ಹುಟ್ಟಿ, ಮಲೇರಿಯಾ, ಟೈಫಾಯಿಡು, ಕ್ಷಯ ಎಲ್ಲವನ್ನೂ ಹಾದು ಬಂದ ಸುಂದರರಾಜ. ಅಕ್ಕ ನಾಮಗಿರಿಯಮ್ಮನನ್ನು ಆಚಾರ್ಯರಿಗೆ ಕೊಟ್ಟಿತ್ತು. ಹಾಗಾಗಿ 1934ರಲ್ಲಿ ಭಾವನ ಮನೆಗೆ ಬಂದ. ಬಗ್ಗಿದರೆ ಕೈ ಮೊಣಕಾಲಿನ ಕೆಳಗೆ ಇಳಿಯದ ಹುಡುಗ. 1937ರಲ್ಲಿ ಭಾವ ಅವನನ್ನು ಪುಣೆಗೆ ಕಳಿಸಿದರು. ಅವನೇ ಮುಂದೆ ಬಿ.ಕೆ.ಎಸ್. ಅಯ್ಯಂಗಾರ್. ಕಾಯಿಲೆಯ ಮೈ ಹೊತ್ತು ಯೋಗಕ್ಕೆ ಬಂದವರು. ಕಾಯಿಲೆಯ ಮೈಗೆ ಯೋಗವನ್ನು ಹೇಗೆ ಬಗ್ಗಿಸಬೇಕು ಎಂಬುದು ಅವರಿಗೆ ಪುಸ್ತಕದಿಂದ ತಿಳಿಯಬೇಕಾಗಿರಲಿಲ್ಲ.

1940ರಲ್ಲಿ ನಾಲ್ವಡಿಯವರು ತೀರಿಕೊಂಡರು. ಸ್ವಾತಂತ್ರ್ಯ ಬಂತು, ಸಂಸ್ಥಾನ ಹೋಯಿತು, ಅರಮನೆಯ ಖಜಾನೆಯ ಬಾಗಿಲು ಕಿರಿದಾಯಿತು. 1950ರಲ್ಲಿ ಯೋಗಶಾಲೆ ಮುಚ್ಚಿತು. ಅರವತ್ತು ದಾಟಿದ ಆಚಾರ್ಯರಿಗೆ ಕೆಲಸ ಇಲ್ಲ, ಮನೆ ತುಂಬ ಮಕ್ಕಳು. ಕೆಲಕಾಲ ಬೆಂಗಳೂರಿನಲ್ಲಿದ್ದರು. ಆಗ, 1952ರಲ್ಲಿ, ಮದರಾಸಿನಿಂದ ಕರೆ ಬಂತು. ಕರೆದವರು ಹೆಸರುವಾಸಿ ನ್ಯಾಯವಾದಿ. ಅವರಿಗೆ ಲಕ್ವ ಹೊಡೆದಿತ್ತು.

ಈ ಸಾಲು ಓದಿದಾಗ ನಾನು ಪುಸ್ತಕವನ್ನು ಮಡಿಲಲ್ಲಿಟ್ಟು ಸುಮ್ಮನೆ ಕೂತೆ. ಆಧುನಿಕ ಯೋಗದ ಹಾದಿಯೇ ತಿರುಗಿದ ಈ ತಿರುವಿನಲ್ಲಿ ನಿಂತಿದ್ದವನು ನನ್ನ ಬಂಧು: ವಾದ ಮಾಡಿ ಬದುಕಿದ ನಾಲಿಗೆ, ಫೈಲು ಎತ್ತಿದ ಕೈ, ಎರಡನ್ನೂ ಒಂದು ಬೆಳಗ್ಗೆ ಮೈ ವಾಪಸು ಕೇಳಿದಾಗ ಏನಾಗುತ್ತದೆಂದು ನನಗೆ ಗೊತ್ತು. ಅವರನ್ನು ನೋಡಲು ಹೋದ ಆಚಾರ್ಯರು ಮದರಾಸಿನಲ್ಲೇ ನೆಲೆ ನಿಂತರು. ವಿವೇಕಾನಂದ ಕಾಲೇಜಿನಲ್ಲಿ ಪಾಠ, ಮನೆಯಲ್ಲಿ ಒಬ್ಬೊಬ್ಬರಾಗಿ ಬರುವ ರೋಗಿಗಳು. ಇಲ್ಲಿಂದ ಅವರ ಕಲಿಸುವ ಕ್ರಮ ಬದಲಾಯಿತು. ಸಾಲಾಗಿ ನಿಂತ ಹುಡುಗರಿಲ್ಲ. ಎದುರಿಗೆ ಒಬ್ಬನೇ ಮನುಷ್ಯ. ಅವನ ನಾಡಿ ಹಿಡಿದು, ಉಸಿರು ನೋಡಿ, ವಯಸ್ಸು, ಕೆಲಸ, ಊಟ ಕೇಳಿ, ಅವನಿಗೆ ಒಗ್ಗುವಷ್ಟು ಆಸನ. ಆಸನಕ್ಕೆ ಮನುಷ್ಯನನ್ನು ಬಗ್ಗಿಸುವುದನ್ನು ಬಿಟ್ಟು ಮನುಷ್ಯನಿಗೆ ಆಸನವನ್ನು ಬಗ್ಗಿಸಿದರು. ಮೈಸೂರಿನಲ್ಲಿ ಜಿಗಿತವಾಗಿದ್ದದ್ದು ಮದರಾಸಿನಲ್ಲಿ ಉಸಿರಾಯಿತು.

ಅವರ ಮಗ, 1938ರಲ್ಲಿ ಹುಟ್ಟಿದ ದೇಶಿಕಾಚಾರ್, ಎಂಜಿನಿಯರಿಂಗ್ ಓದಿ ಕೆಲಸಕ್ಕೆ ಹೊರಟವರು. 1960ರ ದಶಕದ ಆರಂಭದಲ್ಲಿ ಒಂದು ದಿನ ವಿದೇಶಿ ಹೆಂಗಸೊಬ್ಬರು ಕಾರಿನಿಂದಿಳಿದು ಓಡಿಬಂದು, ಮಡಿವಂತ ಅಪ್ಪನನ್ನು ಎಲ್ಲರೆದುರೇ ಅಪ್ಪಿಕೊಂಡರಂತೆ. ವರ್ಷಗಟ್ಟಲೆ ನಿದ್ದೆ ಕಾಣದವರು ಹಿಂದಿನ ರಾತ್ರಿ ಮಾತ್ರೆಯಿಲ್ಲದೆ ನಿದ್ದೆ ಮಾಡಿದ್ದರು. ಮಗ ಎಂಜಿನಿಯರಿಕೆ ಬಿಟ್ಟು ಅಪ್ಪನ ಶಿಷ್ಯರಾದರು; 1976ರಲ್ಲಿ ಕೃಷ್ಣಮಾಚಾರ್ಯ ಯೋಗ ಮಂದಿರ ಕಟ್ಟಿದರು. ಆಚಾರ್ಯರ ಕೊನೆಯ ವರ್ಷಗಳ ಒಂದು ಸಂಗತಿ ನನಗೆ ಇವೆಲ್ಲಕ್ಕಿಂತ ಆಪ್ತ. ತೊಂಬತ್ತಾರನೆಯ ವಯಸ್ಸಿನಲ್ಲಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡ ಅವರು ಆಪರೇಷನ್ ಬೇಡವೆಂದು, ಹಾಸಿಗೆಯಲ್ಲೇ ಮಾಡಬಹುದಾದ ಅಭ್ಯಾಸವನ್ನು ತಮಗೆ ತಾವೇ ರೂಪಿಸಿಕೊಂಡರು. ಕಾರು ತಡೆದು ನಿಲ್ಲಿಸುತ್ತಿದ್ದ ಆಚಾರ್ಯರಿಗಿಂತ ಹಾಸಿಗೆಯ ಮೇಲೆ ಮಲಗಿ ಉಸಿರು ಎಣಿಸುತ್ತಿದ್ದ ಆಚಾರ್ಯರೇ ನನ್ನ ಗುರು. 1989ರಲ್ಲಿ, ನೂರು ತುಂಬಿದ ಮೇಲೆ ಹೋದರು.

ಪುಣೆಯಲ್ಲಿ ಅಯ್ಯಂಗಾರರದ್ದು ಇನ್ನೊಂದು ಹಾದಿ. ಭಾವ ಉಸಿರಿನಿಂದ ಮಾಡಿದ್ದನ್ನು ಇವರು ಸಾಮಾನಿನಿಂದ ಮಾಡಿದರು. ಇಟ್ಟಿಗೆ, ದಿಂಬು, ಪಟ್ಟಿ, ಗೋಡೆಗೆ ಬಿಗಿದ ಹಗ್ಗ, ಮಡಚುವ ಕುರ್ಚಿ. ಕೈ ನೆಲ ಮುಟ್ಟದಿದ್ದರೆ ನೆಲವನ್ನೇ ಇಟ್ಟಿಗೆಯ ಎತ್ತರಕ್ಕೆ ತರುವುದು. ಕಾಲು ಮೈಯನ್ನು ಹೊರದಿದ್ದರೆ ಕುರ್ಚಿಗೆ ಹೊರಿಸುವುದು. ಹೆಂಡತಿಯ ಹೆಸರಿನಲ್ಲಿ 1975ರಲ್ಲಿ ತೆರೆದ ರಮಾಮಣಿ ಅಯ್ಯಂಗಾರ್ ಸ್ಮಾರಕ ಯೋಗ ಸಂಸ್ಥೆಯಲ್ಲಿ ಈ ಸಾಮಾನುಗಳೇ ಅರ್ಧ ಶಿಕ್ಷಕರು. ಅವರಿಗೂ 1979ರಲ್ಲಿ ಸ್ಕೂಟರ್ ಅಪಘಾತವಾಗಿ, ತಮ್ಮದೇ ಆಸನಗಳನ್ನು ಅಕ್ಷರಾಭ್ಯಾಸದಿಂದ ಮತ್ತೆ ಕಲಿಯಬೇಕಾಯಿತು. ಶ್ರೀತತ್ತ್ವನಿಧಿಯ ಚಿತ್ರದಲ್ಲಿ ಯೋಗಿ ಹಗ್ಗ ಹಿಡಿದಿರುವುದು ಸಾಹಸಕ್ಕೆ. ಪುಣೆಯ ಗೋಡೆಯಲ್ಲಿ ರೋಗಿ ಹಗ್ಗ ಹಿಡಿದದ್ದು ಆಸರೆಗೆ. ನನ್ನ ಕುರ್ಚಿಯ ವಂಶಾವಳಿ ಹೀಗೆ ಸಿಕ್ಕಿತು.

ಇದಕ್ಕೂ ಮುಂಚೆ ಭೂಮಿಯ ಇನ್ನೊಂದು ಕಡೆ ನಡೆದದ್ದನ್ನೂ ಹೇಳಿಬಿಡುತ್ತೇನೆ; ಇಲ್ಲದಿದ್ದರೆ ನನ್ನ ಫಿಸಿಯೋಥೆರಪಿ ಹುಡುಗನಿಗೆ ಅನ್ಯಾಯವಾಗುತ್ತದೆ. ಬರ್ಲಿನ್ನಿನಲ್ಲಿ ಜಿಮ್ನಾಸ್ಟಿಕ್ಸ್ ಕಲಿಸುತ್ತಿದ್ದ ಬರ್ಟಾ ಬೊಬಾತ್ ಎಂಬ ಹೆಣ್ಣುಮಗಳು ಹಿಟ್ಲರನ ಕಾಲದಲ್ಲಿ ಲಂಡನ್ನಿಗೆ ಓಡಿಬಂದರು. 1940ರ ದಶಕದಲ್ಲಿ ಅವರ ಕೈಗೆ ಬಂದ ರೋಗಿ ಸೈಮನ್ ಎಲ್ವಿಸ್ ಎಂಬ ಭಾವಚಿತ್ರಕಾರ. ಸ್ಟ್ರೋಕಿನಿಂದ ಬಲಗಡೆ ಬಿದ್ದುಹೋಗಿತ್ತು. ಬಿಗಿದುಕೊಂಡ ಅಂಗವನ್ನು ಎಳೆದಾಡದೆ, ಮೈಯನ್ನು ಸರಿಯಾದ ಭಂಗಿಯಲ್ಲಿ ಇರಿಸಿದರೆ ಬಿಗಿ ತಾನಾಗಿ ಸಡಿಲುತ್ತದೆ ಎಂದು ಅವರು ಕಂಡುಕೊಂಡರು. ಗಂಡ ಕರೆಲ್ ಡಾಕ್ಟರು. ಇಬ್ಬರೂ ಸೇರಿ ಅದನ್ನು ಪದ್ಧತಿಯಾಗಿ ಬೆಳೆಸಿದರು. ಸ್ಟ್ರೋಕಿನ ನಂತರದ ಫಿಸಿಯೋಥೆರಪಿಯಲ್ಲಿ ಬೊಬಾತ್ ಎಂಬ ಹೆಸರು ಇವತ್ತಿಗೂ ಓಡಾಡುತ್ತದೆ. ಲಂಡನ್ನಿನಲ್ಲಿ ಚಿತ್ರಕಾರ, ಮದರಾಸಿನಲ್ಲಿ ನ್ಯಾಯವಾದಿ. ಇಬ್ಬರಿಗೂ ಕೈಕೊಟ್ಟದ್ದು ಮೈ. ಇಬ್ಬರ ಬಳಿಗೂ ಬಂದವರು ಗಟ್ಟಿ ಮೈಗಳಿಗೆ ಕಲಿಸುತ್ತಿದ್ದ ಗುರುಗಳು. ಇಬ್ಬರೂ ತಮಗೆ ಅರಿವಿಲ್ಲದೆಯೇ ಗುರುಗಳಿಗೆ ಪಾಠ ಹೇಳಿದರು. ಎಲ್ವಿಸ್ ಮುಂದೆ ಎಡಗೈಯಲ್ಲಿ ಚಿತ್ರ ಬರೆಯುವುದನ್ನು ಕಲಿತ ಎಂದು ಓದಿದ ದಿನವೇ ನಾನು ಮೊಬೈಲಿನಲ್ಲಿ ಎಡಗೈಯಿಂದ ಕನ್ನಡ ಒತ್ತಲು ಶುರುಮಾಡಿದ್ದು.

ಅರಮನೆಯ ಕಥೆಯಲ್ಲೇ ಮುಳುಗಿ ಬಯಲುಸೀಮೆಯನ್ನು ಮರೆಯಬಾರದು. ನಾನು ಹುಟ್ಟಿದ್ದು ಹೊಳಲ್ಕೆರೆ ತಾಲ್ಲೂಕಿನಲ್ಲಿ. ನಮ್ಮ ಶಾಲೆಯ ಪಿ.ಟಿ. ಮೇಷ್ಟ್ರು ಮಲ್ಲಾಡಿಹಳ್ಳಿಯಲ್ಲಿ ಯೋಗ ಶಿಬಿರ ಮುಗಿಸಿ ಬಂದವರು. ರಾಘವೇಂದ್ರ ಸ್ವಾಮಿಗಳು 1943ರಲ್ಲಿ ಆ ಹಳ್ಳಿಗೆ ಬಂದು, ಅನಾಥ ಸೇವಾಶ್ರಮ ಕಟ್ಟಿ, ‘ತಿರುಕ’ ಎಂಬ ಹೆಸರಿನಲ್ಲಿ ಬರೆದು, ಬೆಳಗ್ಗೆ ಯೋಗ, ಆಮೇಲೆ ಆಯುರ್ವೇದದ ಔಷಧಿ ಎಂದು 1996ರಲ್ಲಿ ತೀರಿಕೊಳ್ಳುವವರೆಗೂ ದುಡಿದರು. ರಾಜಾಶ್ರಯವಿಲ್ಲದ, ಸೂರ್ಯೋದಯಕ್ಕೆ ಮುಂಚೆ ಮೈದಾನದಲ್ಲಿ ಕಂಬಳಿ ಹಾಸುವ ಯೋಗ ಅದು. ಏಳನೇ ತರಗತಿಯಲ್ಲಿ ಚಳಿಗೆ ನಡುಗುತ್ತ ನಾನು ಅದನ್ನು ಶಪಿಸಿಕೊಂಡೇ ಕಲಿತೆ, ಎಸ್ಸೆಸ್ಸೆಲ್ಸಿ ಆದಮೇಲೆ ಬಿಟ್ಟೆ. ನಲವತ್ತೈದು ವರ್ಷದ ಮೇಲೆ ಮೇಡಂ “ಏಕಂ, ದ್ವೇ” ಎಂದಾಗ ನನ್ನ ಬಾಯಿಂದ “ತ್ರೀಣಿ” ಎಂದು ಬಂತು. ಹೆಂಡತಿ ಅಡಿಗೆಮನೆಯಿಂದ ಸೌಟು ಹಿಡಿದೇ ಓಡಿಬಂದಳು. ಕಾಫಿಯನ್ನು ಕೀಲಿ ಎನ್ನುತ್ತಿದ್ದವನು ನಾನು! ಹೊಸದಾಗಿ ಜೋಡಿಸಬೇಕಾದ ಮಾತು ಹೋದರೂ ಎಣಿಕೆ, ವಾರದ ಹೆಸರು, ಸ್ತೋತ್ರ ಮುಂತಾದ ಬಾಯಿಪಾಠದ ಸರಪಳಿ ಅನೇಕರಲ್ಲಿ ಉಳಿದಿರುತ್ತದೆ ಎಂದು ಮಾತಿನ ಚಿಕಿತ್ಸಕರು ಆಮೇಲೆ ವಿವರಿಸಿದರು. ಅಂದಿನಿಂದ ಎಣಿಕೆ ನನ್ನ ಜವಾಬ್ದಾರಿ. ಪ್ರತಿ ಉಸಿರಿಗೂ ನಾನೇ ಸಂಖ್ಯೆ ಕೂಗಬೇಕು. ಜಗನ್ಮೋಹನದ ಹುಡುಗರನ್ನು ಜಿಗಿಸಿದ ಎಣಿಕೆ ನನ್ನ ನಾಲಿಗೆಯನ್ನು ಜಿಗಿಸಿತು.

ಇಷ್ಟೆಲ್ಲ ಆದ ಮೇಲೆ ಇತಿಹಾಸದ ಮೇಷ್ಟ್ರು ಸಾಕ್ಷಿ ಕೇಳಲೇಬೇಕು. ನನ್ನ ಅನುಭವ ಒಂದು ಸಾಕ್ಷಿ. ಅದೂ ಪಕ್ಷಪಾತದ ಸಾಕ್ಷಿ. ಫಿಸಿಯೋಥೆರಪಿ, ಮಾತ್ರೆ, ಹೆಂಡತಿಯ ಬೈಗುಳ, ಕಾಲ — ಇಷ್ಟೂ ಒಟ್ಟಿಗೆ ಕೆಲಸ ಮಾಡಿರುವಾಗ ಯೋಗಕ್ಕೆ ಮಾತ್ರ ಹಾರ ಹಾಕಲಾರೆ. ಅಮೆರಿಕದಲ್ಲಿ 2004ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಸ್ಟ್ರೋಕಿನಿಂದ ಅರ್ಧ ಮೈ ಬಲ ಕಳೆದುಕೊಂಡ ನಾಲ್ಕೇ ಜನ ಇದ್ದರು; ಎಂಟು ವಾರದ ಯೋಗ. 2012ರಲ್ಲಿ ಆರ್ಲೀನ್ ಷ್ಮಿಡ್ ಮತ್ತು ಸಂಗಡಿಗರ ಅಧ್ಯಯನದಲ್ಲಿ 47 ಜನ. ವಾರಕ್ಕೆ ಎರಡು ಸಲ, ಎಂಟು ವಾರ. ಯೋಗ ಮಾಡಿದವರಲ್ಲಿ ಸಮತೋಲ ಉತ್ತಮವಾಯಿತು, ಬೀಳುವ ಭಯ ಇಳಿಯಿತು. 2017ರಲ್ಲಿ ಕಾಕ್ರೇನ್ ಸಂಸ್ಥೆಯವರು ಲೋಕದ ಅಧ್ಯಯನಗಳನ್ನೆಲ್ಲ ಜರಡಿ ಹಿಡಿದಾಗ ಅವರ ಕಟ್ಟುನಿಟ್ಟಿನ ಕಣ್ಣಿಗೆ ನಿಂತದ್ದು ಎರಡು ಪ್ರಯೋಗ, 72 ಜನ. ಚೇತರಿಕೆಯ ಹಾದಿಯಲ್ಲಿ ಯೋಗವನ್ನು ಜೊತೆಗೆ ಸೇರಿಸಿಕೊಳ್ಳಬಹುದು, ಆತಂಕ ತಗ್ಗಿಸಲು ಅದು ಸಹಾಯವಾಗಬಹುದು. ಗಟ್ಟಿಯಾಗಿ ಹೇಳಲು ಇನ್ನೂ ದೊಡ್ಡ ಪ್ರಯೋಗಗಳು ಬೇಕು. ಜರಡಿಯಲ್ಲಿ ಉಳಿದದ್ದು ಇಷ್ಟು. ಟೀವಿಯಲ್ಲಿ ಲಕ್ವ ಮೂರು ವಾರದಲ್ಲಿ ಮಾಯ ಎನ್ನುವವರಿಗೆ ಈ 72 ಎಂಬ ಅಂಕಿಯನ್ನು ಬರೆದು ಕಳಿಸಬೇಕೆನಿಸುತ್ತದೆ. ಕೃಷ್ಣಮಾಚಾರ್ಯರ ಕಥೆಯಲ್ಲಿ ಬೆಲೆಯುಳ್ಳದ್ದು ಪವಾಡವಲ್ಲ. ಪವಾಡದ ಪ್ರದರ್ಶನವನ್ನು ಬಿಟ್ಟು ಒಬ್ಬ ರೋಗಿಯ ಪಕ್ಕ ಕೂತದ್ದು.

ನಮ್ಮ ನಡುಮನೆಯಲ್ಲಿ ನಡೆಯುವುದೂ ಪವಾಡವಲ್ಲ. ಮೊದಲು ಬಿಪಿ ನೋಡುತ್ತಾರೆ. ಹೆಚ್ಚಿದ್ದರೆ ಆ ದಿನ ಉಸಿರು ನೋಡುತ್ತ ಕೂರುವುದಷ್ಟೇ. ಕುರ್ಚಿಯ ತಾಡಾಸನ. ಎಡಗೈಯಿಂದ ಬಲಗೈಯನ್ನು ಮೊಣಕೈ ಬುಡದಲ್ಲಿ ಹಿಡಿದು, ಉಸಿರೆಳೆಯುತ್ತ ಎದೆಯ ಮಟ್ಟಕ್ಕೆ, ಬಿಡುತ್ತ ಮಡಿಲಿಗೆ. ಸೋತ ಕೈಯನ್ನು ಯಾರೂ ಜಗ್ಗಬಾರದು. ಭುಜದ ಕೀಲು ಸಡಿಲಾಗಿರುತ್ತದೆ, ಜಗ್ಗಿದರೆ ಜಾರುತ್ತದೆ. ಮುಷ್ಟಿ ಬಿಗಿದುಕೊಂಡರೆ ಬೆರಳನ್ನು ಬಿಡಿಸಲು ಹೋಗುವುದಿಲ್ಲ. ಉಸಿರನ್ನು ಉದ್ದಕ್ಕೆ ಬಿಡುತ್ತ ಕಾಯುತ್ತೇವೆ. ಆರನೆಯದೋ ಏಳನೆಯದೋ ಉಸಿರಿಗೆ ಹೆಬ್ಬೆರಳು ಮೊಗ್ಗಿನಂತೆ ಸ್ವಲ್ಪ ಸಡಿಲುತ್ತದೆ. ಆಮೇಲೆ ಗೋಡೆಗೆ ಬೆನ್ನು ಕೊಟ್ಟು ನಿಲ್ಲುವುದು, ಕುರ್ಚಿ ಹಿಡಿದು ಹಿಮ್ಮಡಿ ಎತ್ತುವುದು. ಕಣ್ಣು ಮುಚ್ಚಿ, ಎತ್ತದ ಕೈಯನ್ನು ಮನಸ್ಸಿನಲ್ಲೇ ಎತ್ತುವುದು. ಕೊನೆಗೆ ಮೊಣಕಾಲ ಕೆಳಗೆ ದಿಂಬಿಟ್ಟು ಶವಾಸನ. ಆ ಹೆಸರಿಗೆ ಹೆಂಡತಿಯ ವಿರೋಧವಿದೆ. ಮನೆಯಲ್ಲಿ ಅದಕ್ಕೆ ‘ಮಲಗೋ ಆಸನ’ ಎನ್ನಬೇಕು. ತಲೆ ಕೆಳಗಾಗುವ ಆಸನ, ಕುತ್ತಿಗೆ ತಿರುಚುವುದು, ಉಸಿರು ಕಟ್ಟಿ ಹಿಡಿಯುವ ಕುಂಭಕ, ಹೊಟ್ಟೆ ಬಡಿಯುವ ಕಪಾಲಭಾತಿ: ಇವು ನನ್ನ ಪಟ್ಟಿಯಲ್ಲಿಲ್ಲ. ಶೀರ್ಷಾಸನ ಕಲಿಸುತ್ತೇನೆಂದು ಬಂದ ಉತ್ಸಾಹಿ ನೆಂಟರೊಬ್ಬರಿಗೆ ಕಾಫಿ ಕೊಟ್ಟು ಕಳಿಸಿದೆವು.

ಇದರಿಂದ ಕೈ ಬಂತೇ ಎಂದು ಕೇಳುವವರಿದ್ದಾರೆ. ಅರ್ಧ ಬಂದಿದೆ. ಮುಖ್ಯವಾಗಿ, ಅದು ನನ್ನದು ಎಂಬ ನೆನಪು ಬಂದಿದೆ. ಮೊದಲ ತಿಂಗಳುಗಳಲ್ಲಿ ಎಲ್ಲ ಕೆಲಸವನ್ನೂ ಎಡಗೈಗೆ ವಹಿಸಿ, ಬಲಗೈಯನ್ನು ಒದ್ದೆ ಟವೆಲ್ಲಿನಂತೆ ಪಕ್ಕಕ್ಕೆ ಹಾಕಿಕೊಂಡು ಕೂರುತ್ತಿದ್ದೆ. ಬಳಸದ ಅಂಗವನ್ನು ಮೆದುಳೂ ಲೆಕ್ಕದಿಂದ ಕೈಬಿಡುತ್ತದೆ. ದಿನಕ್ಕೆ ಮುಕ್ಕಾಲು ಗಂಟೆ ಆ ಕೈಯ ಕಡೆಗೆ ನೋಡುತ್ತ, ಅದಕ್ಕೊಂದು ಸಂಖ್ಯೆ ಕೊಡುತ್ತ, ಅದು ಕದಲುವವರೆಗೆ ಕಾಯುತ್ತ ಕೂರುವುದನ್ನು ಈ ಕುರ್ಚಿ ಕಲಿಸಿತು. ಹೊಸ್ತಿಲನ್ನು ಈಗ ಒಂದು ಉಸಿರಿಗೆ ದಾಟುತ್ತೇನೆ, ಎಣಿಸಿಕೊಂಡು.

ಕಳೆದ ನವೆಂಬರಿನಲ್ಲಿ, ಬದುಕಿದ್ದೇನೆ ಎಂಬ ಪಿಂಚಣಿಯ ಪ್ರಮಾಣಪತ್ರಕ್ಕೆ ಬ್ಯಾಂಕಿಗೆ ಹೋಗಿದ್ದೆ. ಹಿಂದಿನ ಎರಡು ವರ್ಷ ನನ್ನ ರುಜು ಅವರ ದಾಖಲೆಯದಕ್ಕೆ ತಾಳೆಯಾಗದೆ, ಮೂವತ್ಮೂರು ವರ್ಷ ಹುಡುಗರ ಉತ್ತರಪತ್ರಿಕೆ ತಿದ್ದಿದ ನಾನು ಹೆಬ್ಬೆಟ್ಟು ಒತ್ತಿ ಬಂದಿದ್ದೆ. ಹಳೆಯ ರುಜುವನ್ನೇ ಮತ್ತೆ ತರಬೇಕೆಂದು ಮನೆಯಲ್ಲಿ ನೋಟ್‌ಬುಕ್ಕುಗಟ್ಟಲೆ ತಿದ್ದಿದ್ದೂ ಆಗಿತ್ತು. ಈ ಸಲ ಕೌಂಟರಿನ ಹುಡುಗಿ ಹಳೆಯ ಕಾರ್ಡು ನೋಡಿ, ನನ್ನ ಕೈ ನೋಡಿ, ಹೊಸ ಕಾರ್ಡು ಮುಂದಿಟ್ಟಳು. “ಈಗ ಹೇಗೆ ಬರುತ್ತೋ ಹಾಗೇ ಹಾಕಿ ಸರ್, ಮೂರು ಸಲ. ಇನ್ನು ಮೇಲೆ ಇದೇ ನಿಮ್ಮ ರುಜು.” ಎರಡೂ ಪಾದ ನೆಲಕ್ಕೆ ಊರಿ, ಬೆನ್ನು ನೆಟ್ಟಗೆ ಮಾಡಿ, ಬಲಗೈಗೆ ಪೆನ್ನು ಕೊಟ್ಟು, ಏಕಂ ಎಂದೆ. ಸೊಟ್ಟಪಟ್ಟ ಮೂರು ಗೆರೆ. ಮೂರೂ ಒಂದರ ಹಾಗೆ ಇನ್ನೊಂದು. ಪಕ್ಕದಲ್ಲಿ ದಿನಾಂಕ ಹಾಕಿ ಎಂದಳು. ಇಸವಿ ಬರೆಯುವುದು ನನ್ನ ಹಳೆಯ ಕಸುಬು. ಅದನ್ನು ಮಾತ್ರ ಯಾರೂ ಹೇಳಿಕೊಡಬೇಕಾಗಲಿಲ್ಲ.